ತಾವೇ ಕೊಟ್ಟ ಅಂಕವನ್ನು ರಸ್ತೆಗಿಳಿಸಿದವರು: ಶ್ರೀಮತಿ ರಾಕೆಲ್ ನಿಸ್ಕವಾರ

ಹಿಮದ ಮೇಲೆ ಓಡುವ ಟೈರುಗಳನ್ನು ಪರೀಕ್ಷಿಸುವುದು ಫಿನ್ಲೆಂಡಿನ ಉತ್ತರದಲ್ಲಿ ಮೊದಲು ಕೆಲವರ ಹುಚ್ಚಾಗಿ, ಆಮೇಲೆ ಕಸುಬಾಗಿ, ಕಡೆಗೆ ಒಂದು ಶಾಸ್ತ್ರವಾಗಿ ಬೆಳೆದ ಕಾಲವನ್ನು ಕುರಿತು ಬರೆಯಹೊರಟವರು ಹೌಕಿವಾರ ಸರೋವರದ ಮೇಲಿರುವ ನಮ್ಮ ಪರೀಕ್ಷಾ ಮೈದಾನವನ್ನು ಬಿಟ್ಟು ಬರೆಯಲಾರರು. ಆ ಮೈದಾನವನ್ನು ಕುರಿತು ಬರೆಯಹೊರಟವರು ಶ್ರೀಮತಿ ರಾಕೆಲ್ ನಿಸ್ಕವಾರ ಅವರನ್ನು ಬಿಟ್ಟು ಬರೆಯಲಾರರು. ಇಂದು ಚಳಿಗಾಲದ ಟೈರುಗಳ ಮೇಲೆ ಯಾವ ಪತ್ರಿಕೆ ಯಾವ ತೀರ್ಪು ಕೊಟ್ಟರೂ, ಆ ತೀರ್ಪಿನ ಹಿಂದೆ ಸ್ಟಿಯರಿಂಗ್ ಹಿಡಿದು ಕೂತವರಲ್ಲಿ ಒಬ್ಬರಾದರೂ ಅವರ ಕೈಕೆಳಗೆ ಪಳಗಿದವರಿರುತ್ತಾರೆ. ಈ ವಸಂತದಲ್ಲಿ, ಸರೋವರದ ಹಿಮ ಕರಗುವ ಮುನ್ನ, ಅವರು ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಯಾರಾದರೂ ಹೊಗಳಲು ಬಾಯಿ ತೆರೆದರೆ ಸಾಕು, ಕಾಫಿ ಸೋಸುವ ನೆಪ ಮಾಡಿ ಎದ್ದುಹೋಗುವ ಈ ಹೆಂಗಸಿಗೆ ಅಭಿನಂದನ ಗ್ರಂಥವೊಂದನ್ನು ಅರ್ಪಿಸಬೇಕಾದರೆ ಅಡುಗೆಮನೆಯ ಬಾಗಿಲಿಗೆ ಒಬ್ಬರನ್ನು ಕಾವಲು ನಿಲ್ಲಿಸಬೇಕಾದೀತೆಂದು ಸಂಪಾದಕ ಮಂಡಳಿಯಲ್ಲಿ ಮಾತಾಯಿತು. ಆ ಏರ್ಪಾಡನ್ನೂ ಮಾಡಲಾಗಿದೆ.

ರಾಕೆಲ್ ಅವರು ಹುಟ್ಟಿದ್ದು ಇದೇ ಹೌಕಿವಾರದಲ್ಲಿ, ಹಾಲಿನ ಲಾರಿ ಓಡಿಸುತ್ತಿದ್ದವರ ಮಗಳಾಗಿ. ನವೆಂಬರಿನಿಂದ ಏಪ್ರಿಲ್‌ವರೆಗೆ ಕಪ್ಪು ರಸ್ತೆಯನ್ನೇ ಕಾಣದ ಊರಿನಲ್ಲಿ ಬೆಳೆದವರಿಗೆ ಜಾರುವುದೂ ಜಾರದಿರುವುದೂ ಪಾಠವಲ್ಲ, ನಡಿಗೆ. ಎಂಬತ್ತರ ದಶಕದ ಕೊನೆಯಲ್ಲಿ ಸರೋವರದ ಮೇಲೆ ಪರೀಕ್ಷಾ ಮೈದಾನ ಶುರುವಾದಾಗ ಅವರು ಅಲ್ಲಿ ಸೇರಿದ್ದು ಚಾಲಕಿಯಾಗಿ ಅಲ್ಲ. ಹಿಮ ಗುಡಿಸುವ ಯಂತ್ರ ಓಡಿಸಲು. ಒಂದು ದಿನ ಚಾಲಕರೊಬ್ಬರು ಜ್ವರದಿಂದ ಮಲಗಿದ್ದರಿಂದ ಮೈದಾನದ ಮುಖ್ಯಸ್ಥರಾಗಿದ್ದ ಓಯ್ವಾ ಅವರು, ಬೇರೆ ದಾರಿ ಕಾಣದೆ, ಈ ಹುಡುಗಿಯನ್ನು ಕಾರಿನಲ್ಲಿ ಕೂರಿಸಿದರು. ಇಳಿದು ಬಂದವಳು "ಹಿಂದಿನ ಎಡಗಡೆ ಟೈರು ಬೇರೆ ಮೂವರ ಜೊತೆ ಮಾತು ಬಿಟ್ಟಿದೆ" ಎಂದಳಂತೆ. ಬಿಚ್ಚಿ ನೋಡಿದರೆ ಅದೊಂದರಲ್ಲಿ ಗಾಳಿ ಕಡಿಮೆಯಿತ್ತು. ಗುಡಿಸುವ ಯಂತ್ರಕ್ಕೆ ಅಂದೇ ಬೇರೆಯವರನ್ನು ಹುಡುಕಬೇಕಾಯಿತು.

ಆ ದಿನಗಳಲ್ಲಿ ಟೈರಿಗೆ ಅಂಕ ಕೊಡುವ ಕ್ರಮ ಬಲು ಸಡಿಲವಾಗಿತ್ತು. ಯಾವ ಕಂಪನಿಯ ಟೈರೆಂಬುದು ಚಾಲಕನಿಗೆ ಗೊತ್ತಿರುತ್ತಿತ್ತು. ಕಂಪನಿಯವರು ಕಾಫಿಯ ಮೇಜಿನಲ್ಲಿ ಪಕ್ಕದಲ್ಲೇ ಕೂತಿರುತ್ತಿದ್ದರು. ಬೆಳಗ್ಗೆ ಏಳು ಪಡೆದ ಟೈರು ಅವರು ಕೊಡಿಸಿದ ಮಧ್ಯಾಹ್ನದ ಸಾಲ್ಮನ್ ಮೀನಿನ ಸಾರು ಹೊಟ್ಟೆಗಿಳಿಯುವ ಹೊತ್ತಿಗೆ ಎಂಟಕ್ಕೇರುತ್ತಿತ್ತು. ಇದನ್ನು ನಿಲ್ಲಿಸಿದವರು ರಾಕೆಲ್. ಟೈರಿನ ಪಕ್ಕದ ಹೆಸರನ್ನು ಕಪ್ಪು ಬಟ್ಟೆಯಿಂದ ಮುಚ್ಚಬೇಕು, ಟೈರು ಬದಲಿಸುವಾಗ ಚಾಲಕರು ಕಿಟಕಿಯ ಪರದೆ ಎಳೆದುಕೊಂಡು ಗುಡಿಸಲಿನೊಳಗೆ ಕೂತಿರಬೇಕು, ಒಮ್ಮೆ ಕೊಟ್ಟ ಅಂಕವನ್ನು ಹೆಸರು ತಿಳಿದ ಮೇಲೆ ಯಾವ ಕಾರಣಕ್ಕೂ ತಿದ್ದಬಾರದು, ಆ ಟೈರಿನ ಬಗ್ಗೆ ಚಾಲಕರು ಮತ್ತೆ ಬಾಯಿ ಬಿಡಲೂಬಾರದು ಎಂಬ ಕಟ್ಟಳೆಯನ್ನು ಅವರು ಹಟ ಹಿಡಿದು ಜಾರಿಗೆ ತಂದರು. ಅಂಕಗಳೂ ನಮ್ಮ ಶಾಲೆಗಳಲ್ಲಿ ಕೊಡುವಂಥವೇ: ಹತ್ತು ಎಂದರೆ ಶ್ರೇಷ್ಠ, ನಾಲ್ಕು ಎಂದರೆ ನಪಾಸು. ಕಂಪನಿಗಳವರು ಮೂಗು ಮುರಿದರು. ಆಮೇಲೆ ಆ ಕಟ್ಟಳೆಯ ಬಲದಿಂದಲೇ ಹೌಕಿವಾರದ ಅಂಕಕ್ಕೆ ಬೆಲೆ ಬಂದಾಗ ಅದು ತಮ್ಮದೇ ಸಲಹೆಯಾಗಿತ್ತೆಂದು ಹೇಳಿಕೊಂಡು ತಿರುಗಿದರು.

ಊರಿನವರ ಪಾಲಿಗೆ ಅವರು ಅಂಕ ಕೊಡುವವರಿಗಿಂತ ಹೆಚ್ಚಾಗಿ ಸಲಹೆ ಕೊಡುವವರು. ಅಕ್ಟೋಬರ್ ಬಂತೆಂದರೆ ಸಹಕಾರಿ ಅಂಗಡಿಯ ಕಾಫಿ ಮೂಲೆಯಲ್ಲಿ ಅವರನ್ನು ಮುತ್ತಿಕೊಳ್ಳದವರಿಲ್ಲ. ಯಾವ ಕಂಪನಿಯ ಟೈರು ಒಳ್ಳೆಯದೆಂದು ಕೇಳಿದರೆ ಅವರು ಎಂದೂ ಹೆಸರು ಹೇಳಿದವರಲ್ಲ. ಬದಲಿಗೆ ಪ್ರಶ್ನೆ ಕೇಳುತ್ತಿದ್ದರು. ನಿಮ್ಮ ಅಂಗಳ ಇಳಿಜಾರೇ? ಹಿಮ ಕರಗಲೆಂದು ಬೆಳಗ್ಗೆ ಉಪ್ಪು ಹಾಕುವ ಹೆದ್ದಾರಿಯಲ್ಲಿ ಓಡಿಸುತ್ತೀರೋ, ಹಿಮ ತಳ್ಳುವ ಬಂಡಿಯೂ ಬಾರದ ಕಾಡುದಾರಿಯಲ್ಲೋ? ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ? ಉತ್ತರ ಮುಗಿಯುವಷ್ಟರಲ್ಲಿ ಕೇಳಿದವರಿಗೇ, ಹಿಮ ಕಚ್ಚಲೆಂದು ಟೈರಿಗೆ ಬಡಿಯುವ ಲೋಹದ ಮೊಳೆ ಬೇಕೋ ಬೇಡವೋ ಎಂಬುದು ಹೊಳೆದುಬಿಡುತ್ತಿತ್ತು. ಬೇಸಿಗೆಯ ಟೈರು ಚಳಿಗೆ ಮರದ ಹಾಗೆ ಗಡುಸಾಗುತ್ತದೆಂಬುದನ್ನು, ಹೊಸ ಟೈರಿನ ಮೈಮೇಲೆ ಅಚ್ಚಿನಿಂದ ಬಂದ ಜಿಡ್ಡಿನ ಪೊರೆಯಿರುವುದರಿಂದ ಮೊದಲ ವಾರ ಮೆಲ್ಲಗೆ ಓಡಿಸಬೇಕೆಂಬುದನ್ನು, ಹೆಚ್ಚು ಸವೆಯದ ಜೊತೆಯನ್ನು ಹಿಂದಕ್ಕೇ ಹಾಕಬೇಕೆಂಬುದನ್ನು ನಮ್ಮೂರಿನ ಅಜ್ಜಿಯರೂ ಇಂದು ಬಲ್ಲರು.

ಅವರ ಉಪಕಾರಗಳನ್ನು ಹೇಳುತ್ತ ಹೋದರೆ ಈ ಗ್ರಂಥ ಸಾಲದು. ದಕ್ಷಿಣದಿಂದ ಬಂದ ಹೆರಿಗೆ ದಾದಿಯೊಬ್ಬರು ಮೊದಲ ಹಿಮಕ್ಕೇ ಹೆದರಿ ಊರು ಬಿಡುವ ಮಾತಾಡಿದಾಗ ರಾಕೆಲ್ ಅವರು ತಮ್ಮ ರಜೆಯ ದಿನಗಳನ್ನೆಲ್ಲ ಆಕೆಯ ಪಕ್ಕದ ಸೀಟಿನಲ್ಲಿ ಕೂತು ಕಳೆದರು. ಆ ದಾದಿ ಇಂದಿಗೂ ನಮ್ಮಲ್ಲೇ ಇದ್ದಾರೆ; ಊರಿನ ಅರ್ಧ ಮಕ್ಕಳು ಅವರ ಕೈಯಲ್ಲೇ ಹುಟ್ಟಿದವು. ಇನ್ನು ನಮ್ಮ ಪಾದ್ರಿಗಳ ಪ್ರಸಂಗ. ಕ್ರಿಸ್ಮಸ್ಸಿಗೆ ಕಾರು ಥಳಥಳಿಸಲೆಂದು ಟೈರಿಗೆ ಹೊಳಪು ಕೊಡುವ ಎಣ್ಣೆಯನ್ನು ಪಕ್ಕಕ್ಕಷ್ಟೇ ಅಲ್ಲದೆ ನೆಲ ಮುಟ್ಟುವ ಭಾಗಕ್ಕೂ ಧಾರಾಳವಾಗಿ ಬಳಿದುಕೊಂಡ ಅವರು, ಆರಾಧನೆಗೆ ಬಂದವರೆಲ್ಲ ನೋಡುತ್ತಿರುವಂತೆಯೇ, ಬಹಳ ಗಾಂಭೀರ್ಯದಿಂದ, ಕಾರಿನ ಸಮೇತ ಜಾರಿ ಚರ್ಚಿನ ಬೇಲಿಗೆ ನುಗ್ಗಿದರು. ಬಿಸಿನೀರು, ಸೋಪು, ಬ್ರಷ್ಷು ಹಿಡಿದು ಅಷ್ಟೂ ಟೈರುಗಳನ್ನು ಉಜ್ಜಿಕೊಟ್ಟವರು ರಾಕೆಲ್. "ದೇವರ ಕೆಲಸಕ್ಕೆ ಹೋಗೋ ಟೈರಿಗೂ ರಬ್ಬರೇ ನೆಲ ಮುಟ್ಟಬೇಕು ಸ್ವಾಮಿ, ಎಣ್ಣೆ ಅಲ್ಲ" ಎಂದಷ್ಟೇ ಅವರು ಹೇಳಿದ್ದು.

ಆದರೆ ಈ ಲೇಖನ ಮುಖ್ಯವಾಗಿ ಹೇಳಬೇಕಾದದ್ದು ಒಂದು ಚಳಿಗಾಲದ ಕಥೆಯನ್ನು. ಬೇರೆಯವರು ಅದನ್ನು ಹೇಳಲು ಸಂಕೋಚಪಟ್ಟಾರು. ರಾಕೆಲ್ ಅವರಂತೂ ಹೇಳಲಾರರು.

ಅವರ ಪತಿ ತೌನೋ ಅವರು ಹೌಕಿವಾರದ ಶಾಲಾ ಟ್ಯಾಕ್ಸಿಯ ಚಾಲಕರು. ಸರೋವರದ ನಡುವಿನ ಲೆಹ್ತೋಸಾರಿ ದ್ವೀಪದ ಮಕ್ಕಳನ್ನು, ನೀರು ಹೆಪ್ಪುಗಟ್ಟಿದ ಮೇಲೆ ಸರ್ಕಾರವೇ ತೆರೆಯುವ ಹಿಮದ ದಾರಿಯಲ್ಲಿ ಶಾಲೆಗೆ ತಂದು ಬಿಡುವುದು ಅವರ ಕೆಲಸ. ಅವರ ವ್ಯಾನಿಗೆ ಮೊದಲಿನಿಂದಲೂ ಮೊಳೆ ಟೈರುಗಳೇ. ಆ ವರ್ಷ ಪಿನ್ಯಾ ಎಂಬ ಏಳು ವರ್ಷದ ಹುಡುಗಿ ಟ್ಯಾಕ್ಸಿಗೆ ಬರತೊಡಗಿದಳು. ಕಿವಿಗೆ ಯಂತ್ರ ಹಾಕಿಕೊಳ್ಳುತ್ತಿದ್ದ ಮಗು. ಮೊಳೆಗಳ ಮೊರೆತ ಆ ಯಂತ್ರದೊಳಗೆ ಹೊಕ್ಕು ಆಕೆಯ ತಲೆ ಸಿಡಿಯುವಂತಾಗುತ್ತಿತ್ತು. ಪಾಪ, ಆಕೆ ಯಂತ್ರ ಕಿತ್ತು ಜೇಬಿಗೆ ಹಾಕಿಕೊಂಡು, ಬೇರೆ ಮಕ್ಕಳ ನಗುವಿನ ನಡುವೆ ಕಿಟಕಿಯತ್ತ ಮುಖ ಮಾಡಿ ಕೂರುತ್ತಿದ್ದಳು. ಕನ್ನಡಿಯಲ್ಲಿ ಇದನ್ನು ದಿನವೂ ನೋಡುತ್ತಿದ್ದ ತೌನೋ ಅವರಿಗೆ ಊಟ ರುಚಿಸುತ್ತಿರಲಿಲ್ಲ.

ಅದೇ ಹೊತ್ತಿಗೆ ಸರಿಯಾಗಿ ಸಂಪ್ಸಾ ಹಿಯೆಟಾಲಾ ಎಂಬ ತರುಣ ರಸಾಯನ ತಜ್ಞರು ತಾವೇ ತಯಾರಿಸಿದ ಲೇಪವೊಂದನ್ನು ಹೊತ್ತು ನಮ್ಮಲ್ಲಿಗೆ ಬಂದರು. ಡಬ್ಬಿಯಿಂದ ಸಿಂಪಡಿಸಿದರೆ ಮೊಳೆಯಿಲ್ಲದ ಚಳಿಗಾಲದ ಟೈರಿನ ಮೇಲೆ ತೆಳ್ಳಗೆ ಅಂಟಿ ಒಣಗುವ ಪದರ. ಹಿಮವನ್ನು ಮೊಳೆಗಿಂತ ಗಟ್ಟಿಯಾಗಿ ಹಿಡಿಯುತ್ತದೆ, ಸದ್ದೇ ಇಲ್ಲ ಎಂಬುದು ಅವರ ಮಾತು. ಪರೀಕ್ಷೆ ಕ್ರಮಪ್ರಕಾರ ನಡೆಯಿತು. ಪರದೆ ಎಳೆದ ಗುಡಿಸಲಿನಲ್ಲಿ ದಾಲ್ಚಿನ್ನಿಯ ಬನ್ನು ತಿನ್ನುತ್ತ ಕೂತಿದ್ದ ರಾಕೆಲ್ ಅವರು ಕರೆದಾಗ ಹೋಗಿ, ಓಡಿಸಿ, ಬ್ರೇಕು ಒತ್ತಿ, ಬಂದು ಅಂಕ ಬರೆದರು. ಟೈರುಗಳ ಹೆಸರಿದ್ದ ಲಕೋಟೆಗಳನ್ನು ತೆರೆದಾಗ ಲೇಪದ ಟೈರಿಗೆ ಬಂದಿದ್ದ ಅಂಕ ಒಂಬತ್ತೂವರೆ. ಅವರು ಮೊಳೆಯಿಲ್ಲದ ಟೈರಿಗೆ ಅದುವರೆಗೆ ಅಷ್ಟು ಕೊಟ್ಟದ್ದೇ ಇಲ್ಲ.

ಊರಿನ ಆಡಳಿತ ಸಭೆಯಲ್ಲಿ ವಿಷಯ ಬಂತು. ಶಾಲಾ ಟ್ಯಾಕ್ಸಿಗೆ ಚಳಿಗಾಲದ ಒಂದು ವಾರದ ಸ್ಕೀ ರಜೆ ಮುಗಿದ ಸೋಮವಾರದಿಂದ ಮೊಳೆ ಟೈರು ತೆಗೆದು ಲೇಪದ ಟೈರು ಹಾಕುವುದೆಂದು ಸೂಚನೆಯಾಯಿತು. "ಯಾರಾದ್ರೂ ಏನಾದ್ರೂ ಹೇಳೋದಿದೆಯಾ?" ಎಂದು ಅಧ್ಯಕ್ಷೆ ಕೇಳಿದರು. ಯಾರೂ ಉಸಿರೆತ್ತಲಿಲ್ಲ. ನಮ್ಮಲ್ಲಿ ಬಾಯಿ ಮುಚ್ಚಿಕೊಂಡವನೇ ಒಪ್ಪಿದವನು. ಮದುವೆಯಿಂದ ಹಿಡಿದು ಮರ ಕಡಿಯುವ ಗುತ್ತಿಗೆಯವರೆಗೆ ಎಲ್ಲವೂ ಹೀಗೆಯೇ ತೀರ್ಮಾನವಾಗಿರುವುದು. ಅತಿಥಿಗಳ ಸಾಲಿನಲ್ಲಿ ಕೂತಿದ್ದ ರಾಕೆಲ್ ಅವರೂ ಸುಮ್ಮನಿದ್ದರು. ಅವರು ಸುಮ್ಮನಿದ್ದದ್ದು ತಮ್ಮ ಕಟ್ಟಳೆಗೆ ಕಟ್ಟುಬಿದ್ದು: ಹೆಸರು ತಿಳಿದ ಮೇಲೆ ಚಾಲಕಿ ಆ ಟೈರಿನ ಬಗ್ಗೆ ಮಾತಾಡಬಾರದಲ್ಲ! ಸಭೆ ಅದನ್ನು ಒಪ್ಪಿಗೆಯೆಂದು ಎಣಿಸಿತು. ಅಧ್ಯಕ್ಷೆಯ ಸುತ್ತಿಗೆ ಮೇಜಿಗೆ ಬಡಿಯಿತು. ಕಿವಿಯ ಯಂತ್ರದ ಹುಡುಗಿಯ ತಾಯಿ ಹೊರಗೆ ಬಂದು ರಾಕೆಲ್ ಅವರ ಕೈ ಹಿಡಿದುಕೊಂಡು ಅತ್ತರು.

ರಜೆ ಶುರುವಾಯಿತು. ಸಂಭ್ರಮ ತಡೆಯಲಾರದೆ ತೌನೋ ಅವರು ಮೊದಲು ಮನೆಯ ಕಾರಿನ ಟೈರಿಗೇ ಲೇಪ ಸಿಂಪಡಿಸಿದರು. ಶನಿವಾರ ಬೆಳಗ್ಗೆ ರಾಕೆಲ್ ಅವರು ಅದೇ ಕಾರಿನಲ್ಲಿ ಅಂಗಡಿಗೆ ಹೋದರು. ಮನೆಯ ಗೇಟಿನ ಬಳಿ ಬ್ರೇಕು ಒತ್ತಿದಾಗ ಕಾರು ಗೋಡೆಗೆ ತಾಗಿದಂತೆ ನಿಂತಿತು. ಅಂಗಡಿಯಲ್ಲಿ ಹಾಲು, ರೈ ರೊಟ್ಟಿ ಕೊಂಡು ಹಿಂದಿರುಗುವಾಗ ಅದೇ ಗೇಟಿನ ಬಳಿ ಅದೇ ರೀತಿ ಒತ್ತಿದರು. ಕಾರು ನಿಂತಿತು, ಆದರೆ ತಡವಾಗಿ. ಕರೆದವರಿಗೆ ಓಗೊಡಲೋ ಬೇಡವೋ ಎಂದು ಯೋಚಿಸಿ ಓಗೊಟ್ಟವರಂತೆ. ಬೇರೆ ಯಾರಿಗೂ ಅದು ತಿಳಿಯುತ್ತಿರಲಿಲ್ಲ. ಅವರು ಇಳಿದು, ಕೈಗವಸು ಕಳಚಿ, ಟೈರನ್ನು ಬರಿಗೈಯಿಂದ ಸವರಿದರು. ಬೆರಳಿಗೆ ಮರಳು ತಾಗಿತು. ಹಾಲು ಕಾರಿನಲ್ಲೇ ಮಂಜುಗಡ್ಡೆಯಾಗುವವರೆಗೂ ಅವರು ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದರು.

ಅವರ ಮುಂದಿದ್ದ ಇಕ್ಕಟ್ಟನ್ನು ಓದುಗರು ಬಲ್ಲರು. ಬಾಯಿ ತೆರೆದರೆ, ಹೆಸರು ತಿಳಿದ ಮೇಲೆ ತಮ್ಮ ಅಂಕವನ್ನು ತಾವೇ ತಳ್ಳಿಹಾಕಿದಂತೆ; ಇಂದು ಅವರು ಒಂದು ಒಳ್ಳೆಯ ಕಾರಣಕ್ಕೆ ಕಟ್ಟಳೆ ಮುರಿದರೆ ನಾಳೆ ಇನ್ನೊಬ್ಬರು ಸಾಲ್ಮನ್ ಸಾರಿನ ಕಾರಣಕ್ಕೆ ಮುರಿದಾರು, ಹೌಕಿವಾರದ ಅಂಕಕ್ಕೆ ಮೂರು ಕಾಸಿನ ಬೆಲೆಯೂ ಉಳಿಯದು. ಬಾಯಿ ಮುಚ್ಚಿದರೆ, ರಜೆ ಮುಗಿದ ಸೋಮವಾರ ಆ ಟೈರುಗಳ ಮೇಲೆ ದ್ವೀಪದ ಮಕ್ಕಳು. ಅದೂ ಅವರ ಅಂಕವನ್ನು ನಂಬಿ.

ಶನಿವಾರ ನಮ್ಮಲ್ಲಿ ಸೌನಾದ ದಿನ. ಬಿಸಿ ಕಲ್ಲಿಗೆ ನೀರು ಹೊಯ್ದು ಹಬೆಯಲ್ಲಿ ಕೂತಾಗ ಚರ್ಚಿನಲ್ಲಿ ಕೂತಂತೆಯೇ ಇರಬೇಕು, ಅಲ್ಲಿ ಜಗಳ ಸಲ್ಲದು. ಗಂಡಹೆಂಡಿರಿಬ್ಬರೂ ಹಬೆಯಲ್ಲಿ ಪಿಟಕ್ಕೆನ್ನದೆ ಕೂತು, ಮೈ ಆರಿಸಿಕೊಳ್ಳಲು ಹೊರಗಿನ ಮೆಟ್ಟಿಲಿಗೆ ಬಂದ ಮೇಲೆಯೇ ರಾಕೆಲ್ ಅವರು ವಿಷಯ ತೆಗೆದದ್ದು. ಅಂದು ನಡೆದದ್ದನ್ನು ತೌನೋ ಅವರು ಆಮೇಲೆ ಕೇಳಿದವರಿಗೆಲ್ಲ ಹೇಳಿದ್ದರಿಂದ ಅದು ಈಗ ಊರಿನ ಆಸ್ತಿ.

"ಸೋಮವಾರ ಮೊಳೆ ಟೈರೇ ಇರ್ಲಿ, ತೌನೋ."

"ಏನಂದೆ? ಒಂಬತ್ತೂವರೆ ಕೊಟ್ಟೋಳು ನೀನೇ ತಾನೇ? ನಾನೇನು ಕನಸು ಕಂಡಿದ್ನಾ?"

"ಕೊಟ್ಟೆ. ಒಂದು ಬ್ರೇಕಿಗೆ ಕೊಟ್ಟೆ. ಇಡೀ ಚಳಿಗಾಲಕ್ಕೆ ಕೊಟ್ನಾ?"

"ಅಲ್ಲ ಕಣೇ, ನನಗೆ ಟೈರಿನ ವಿಷ್ಯ ಏನೂ ಗೊತ್ತಿಲ್ಲ. ನಿನ್ನ ಅಂಕ ಒಂದು ಗೊತ್ತು. ಮದುವೆ ಆದಾಗಿಂದ ಅದನ್ನ ನಂಬ್ಕೊಂಡೇ ಓಡಿಸಿದೀನಿ. ಈಗ ನೀನೇ ಅದನ್ನ ನಂಬಬೇಡ ಅಂದ್ರೆ ನಾನು ಯಾರನ್ನ ನಂಬ್ಲಿ? ಆ ಪಾದ್ರಿನಾ?"

"ನಂಬಬೇಡ ಅಂತ ಅಂದಿಲ್ಲ. ನೋಡೋಣ ಅಂತಿದೀನಿ."

"ಆ ಮಗು ಮುಖ ನೋಡಿದೀಯಾ? ನಾನು ದಿನಾ ನೋಡ್ತೀನಿ. ಸೋಮವಾರದಿಂದ ಸದ್ದು ಇರಲ್ಲ ಕಣಮ್ಮಾ ಅಂತ ಮಾತು ಕೊಟ್ಟಿದೀನಿ."

"ನೋಡಿದೀನಿ," ಎಂದರು ರಾಕೆಲ್. "ಅದಕ್ಕೇ ಹೇಳ್ತಿರೋದು."

ತೌನೋ ಅವರು ಬಾಗಿಲು ದಡಾರನೆ ಹಾಕಿಕೊಂಡು ಮತ್ತೆ ಹಬೆಯೊಳಗೆ ಹೋದರು. ಅಲ್ಲಿ ಜಗಳ ಸಲ್ಲದೆಂಬುದು ಅವರಿಗೆ ಒಳ್ಳೆಯ ಆಸರೆಯಾಯಿತು.

ಮರುದಿನ ರಾಕೆಲ್ ಅವರು ಓಯ್ವಾ ಅವರ ಮನೆಯ ಬಾಗಿಲು ತಟ್ಟಿದರು. ನಿವೃತ್ತಿಯ ಅಂಚಿನಲ್ಲಿದ್ದ ಆ ಹಿರಿಯರು ಅನ್ನ ತುಂಬಿದ ರೈ ಕಡುಬಿಗೆ ಬೆಣ್ಣೆ ಸವರುತ್ತ ಕೂತಿದ್ದರು. ರಾಕೆಲ್ ಅವರು ಎದುರಿಗೆ ಕೂತು, ಅಂಕ ತಿದ್ದಬೇಕೆಂದು ತಾವು ಕೇಳುತ್ತಿಲ್ಲವೆಂದೂ, ಅದು ಹಾಗೆಯೇ ಇರಲೆಂದೂ, ಟೈರಿನ ಪರೀಕ್ಷೆ ಆಯಿತು, ಈಗ ದಾರಿಯ ಪರೀಕ್ಷೆಯಾಗಬೇಕೆಂದೂ ಹೇಳಿದರು. ಮೊಳೆಯಿಲ್ಲದ ಟೈರು, ನಾಲ್ಕು ನಾಲ್ಕರಂತೆ ಮೂರು ಜೊತೆ. ಒಂದಕ್ಕೆ ಮಾತ್ರ ಲೇಪ. ಹೆಸರಿಗೆ ಬಟ್ಟೆ, ಕಿಟಕಿಗೆ ಪರದೆ. ಆದರೆ ಓಡುವುದು ಮೈದಾನದಲ್ಲಲ್ಲ, ತೌನೋ ಅವರ ವ್ಯಾನಿನಲ್ಲಿ, ಶಾಲೆಯ ದಾರಿಯಲ್ಲಿ, ದ್ವೀಪದ ನಿಲ್ದಾಣದವರೆಗೆ.

"ಯಾರು ಓಡಿಸೋದು?" ಎಂದರು ಓಯ್ವಾ.

"ನಾನೇ."

"ಹುಚ್ಚಾ ನಿನಗೆ? ಮತ್ತೆ ಒಂಬತ್ತೂವರೆ ಬಂದ್ರೆ ವೃಥಾ ರಂಪ ಮಾಡಿದ್ಲು ಅಂತಾರೆ. ಕಡಿಮೆ ಬಂದ್ರೆ, ಮೊದಲು ಕಣ್ಣು ಮುಚ್ಕೊಂಡು ಅಂಕ ಕೊಟ್ಟಿದ್ಲು ಅಂತಾರೆ. ಎರಡ್ರಲ್ಲೂ ಹೆಸರು ಕೆಡೋದು ನಿಂದೇ. ಬೇರೆ ಯಾರನ್ನಾದ್ರೂ ಕೂರಿಸ್ತೀನಿ ಬಿಡು."

"ಬೇರೆಯವರು ಕೊಟ್ರೆ ಅವರ ಅಂಕ, ನನ್ನ ಅಂಕ ಅಂತ ಎರಡು ಪಕ್ಷ ಆಗುತ್ತೆ ಓಯ್ವಾ. ಆ ಮಕ್ಕಳು ನನ್ನ ಅಂಕದ ಮೇಲೆ ಕೂರ್ತಿರೋದು. ನಾನೇ ಓಡಿಸ್ಬೇಕು."

ಓಯ್ವಾ ಅವರು ಕಡುಬನ್ನು ಕೆಳಗಿಟ್ಟರು. ಇನ್ನೊಂದು ಲೋಟ ತಂದಿಟ್ಟು "ಕಾಫಿ ಕುಡಿ" ಎಂದರು. ಅದೇ ಅಪ್ಪಣೆ.

ರಜೆಯ ವಾರ ಮುಗಿಯುವುದರೊಳಗೆ, ಬಿಸಿಲು ಹಿಮದ ಮೇಲೆ ಕಣ್ಣು ಕೋರೈಸುತ್ತಿದ್ದ ಒಂದು ಬೆಳಗ್ಗೆ ಆ ಪರೀಕ್ಷೆ ನಡೆಯಿತು. ತೌನೋ ಅವರು ಮುಖ ಊದಿಸಿಕೊಂಡೇ ಪಕ್ಕದ ಸೀಟಿನಲ್ಲಿ ಕೂತರು. ತಮ್ಮ ವ್ಯಾನನ್ನು ಬೇರೆಯವರ ಕೈಗೆ, ಹೆಂಡತಿಯ ಕೈಗೇ ಆಗಲಿ, ಒಬ್ಬಂಟಿಯಾಗಿ ಬಿಡುವವರಲ್ಲ ಅವರು. ಓಯ್ವಾ ಅವರೂ ಸಂಪ್ಸಾ ಅವರೂ ಇನ್ನೊಂದು ಕಾರಿನಲ್ಲಿ ಹಿಂದೆ ಬಂದರು. ಚರ್ಚಿನ ಇಳಿಜಾರು, ಮರಳು ಎರಚಿದ ಸೇತುವೆ, ಆಮೇಲೆ ಸರೋವರದ ಮೇಲಿನ ಉದ್ದನೆಯ ಬಿಳಿ ದಾರಿ, ದಡ ಹತ್ತಿದರೆ ತಿರುವಿನಲ್ಲೇ ಹಿಂದಿನ ಕಾಲದ ಹಾಲಿನ ಕ್ಯಾನುಗಳ ಕಟ್ಟೆ. ಈಗ ದ್ವೀಪದ ಮಕ್ಕಳು ಟ್ಯಾಕ್ಸಿಗೆ ಕಾಯುವುದು ಆ ಕಟ್ಟೆಯ ಮುಂದೆ.

ಮೊದಲ ಜೊತೆ ಟೈರು ಕಟ್ಟೆಯ ಇತ್ತಲೇ ನಿಂತಿತು. ರಾಕೆಲ್ ಅವರು ಅಂಕ ಬರೆದು ಮಡಚಿದರು. ಹಿಂದಿರುಗಿ, ಗ್ಯಾರೇಜಿನ ಬಾಗಿಲು ಮುಚ್ಚಿ ಮೈದಾನದವರು ಟೈರು ಬದಲಿಸಿದ ಮೇಲೆ, ಮತ್ತೆ ಅದೇ ದಾರಿ. ಎರಡನೆಯ ಜೊತೆ ಊರಿನೊಳಗೆ ಬಲು ಸೊಗಸಾಗಿ ಓಡಿತು. ಚರ್ಚಿನ ಇಳಿಜಾರಿನಲ್ಲಿ ಬ್ರೇಕು ಒತ್ತಿದಾಗ ಅಲ್ಲೇ ಅಂಟಿಕೊಂಡಂತೆ ನಿಂತಿತು. ತೌನೋ ಅವರು ಕಣ್ಣಂಚಿನಲ್ಲಿ ಹೆಂಡತಿಯನ್ನು ನೋಡಿ, ಗೆದ್ದೆನೆಂಬಂತೆ ಹುಬ್ಬೇರಿಸಿದರು. ಸೇತುವೆ ದಾಟಿದರು, ಸರೋವರ ದಾಟಿದರು, ದಡ ಹತ್ತಿದರು. ತಿರುವಿನಲ್ಲಿ ರಾಕೆಲ್ ಅವರು ಎಂದಿನ ಜಾಗದಲ್ಲೇ, ಎಂದಿನ ಬಲದಿಂದಲೇ ಬ್ರೇಕು ಒತ್ತಿದರು.

ವ್ಯಾನು ನಿಲ್ಲಲಿಲ್ಲ. ಅಬ್ಬರವಿಲ್ಲ, ಗಿರಕಿಯಿಲ್ಲ, ತನ್ನ ಪಾಡಿಗೆ ತಾನು, ಹೊರಳದೆ, ಕಟ್ಟೆಯ ಮುಂದಿನ ತುಳಿದು ಗಟ್ಟಿಯಾದ ಹಿಮದ ಮೇಲೆ ನೇರವಾಗಿ ಸರಿದು, ಕಟ್ಟೆಯನ್ನು ದಾಟಿ, ಆಚೆಯ ಹಿಮದ ರಾಶಿಗೆ ಮೂತಿ ಹುದುಗಿಸಿ ನಿಂತಿತು. ವೈಪರಿನ ಮೇಲೆ ಹಿಮ ಉದುರಿತು.

ತೌನೋ ಅವರು ಬಾಗಿಲು ತೆರೆದು ಇಳಿದರು. ಕಟ್ಟೆಯ ಮುಂದೆ ಮಕ್ಕಳ ಬೂಟುಗಳು ತುಳಿದ ಹೆಜ್ಜೆಗಳ ಮೇಲೆಯೇ ಟೈರಿನ ಗುರುತು ಬಿದ್ದಿತ್ತು. ಅವರು ಅದನ್ನು ನೋಡುತ್ತ ನಿಂತರು.

"ಸೋಮವಾರ ಇಲ್ಲೇ ನಿಂತಿರ್ತಾರೆ," ಎಂದರು. ಆ ಗುರುತಿನ ಮೇಲೆ ಬಾಗಿ, "ಪಿನ್ಯಾ ಎಲ್ಲರಿಗಿಂತ ಮುಂದೆ ನಿಲ್ಲೋದು. ಅವಳಿಗೆ ವ್ಯಾನ್ ಬರೋ ಸದ್ದು ಕೇಳಲ್ಲ, ಅದಕ್ಕೆ" ಎಂದರು.

ರಾಕೆಲ್ ಅವರು ಸ್ಟಿಯರಿಂಗಿನ ಮುಂದೆ ಕೂತಲ್ಲೇ ಅಂಕ ಬರೆದರು. ಆಮೇಲೆ ಕಟ್ಟಳೆಯಂತೆ ಮೂರನೆಯ ಜೊತೆಯನ್ನೂ ಓಡಿಸಿದರು, ಅದು ಮೊದಲನೆಯದರಂತೆಯೇ ನಿಂತಿತು. ಲಕೋಟೆ ತೆರೆದಾಗ ಎರಡನೆಯದೇ ಲೇಪದ ಟೈರಾಗಿತ್ತು. ಅಂಕ ನಾಲ್ಕು.

ಸಂಪ್ಸಾ ಅವರು ಮೋಸಗಾರರಾಗಿರಲಿಲ್ಲ. ಇದನ್ನು ಇಲ್ಲಿ ದಾಖಲಿಸಬೇಕೆಂಬುದು ರಾಕೆಲ್ ಅವರದೇ ಇಚ್ಛೆ. ಆ ತರುಣರು ನೆಲಕ್ಕೆ ಮಂಡಿಯೂರಿ ಉಗುರಿನಿಂದ ಟೈರನ್ನು ಕೆರೆದು ನೋಡಿದರು. ಪದರದ ಮೇಲುಭಾಗ ಸೇತುವೆ ಸೇರುವ ಹೊತ್ತಿಗೇ ಸವೆದುಹೋಗಿತ್ತು. ಉಳಿದ ಅಂಟು ಸೇತುವೆಯ ಮರಳನ್ನು ಹಿಡಿದು, ಹಿಮವನ್ನು ಕಚ್ಚಬೇಕಾದ ಸಣ್ಣ ಸಣ್ಣ ಸೀಳುಗಳನ್ನೆಲ್ಲ ಮುಚ್ಚಿಬಿಟ್ಟಿತ್ತು. ಮೈದಾನದಲ್ಲಿ ಪ್ರತಿ ಸಲವೂ ಹೊಸದಾಗಿ ಸಿಂಪಡಿಸಿದ ಟೈರೇ ಓಡಿದ್ದರಿಂದ ಅಲ್ಲಿ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ನನ್ನ ಗ್ಯಾರೇಜಿನ ಮುಂದೆ ಚೆನ್ನಾಗೇ ನಿಲ್ತಿತ್ತು ಮೇಡಂ," ಎಂದರು ಸಂಪ್ಸಾ, ಅಳು ಬರುವಂತಾಗಿ.

"ಅಲ್ಲಿ ಈಗ್ಲೂ ನಿಲ್ಲುತ್ತಪ್ಪಾ. ಡಬ್ಬಿ ಮೇಲೆ ಅದನ್ನೇ ಬರಿ," ಎಂದರು ರಾಕೆಲ್.

ಆ ಲೇಪ ಇಂದಿಗೂ ಮಾರಾಟವಾಗುತ್ತದೆ, ಅಂಗಳದಲ್ಲಿ ಸಿಕ್ಕಿಕೊಂಡ ಕಾರನ್ನು ರಸ್ತೆಗೆ ತರಲಷ್ಟೇ, ಹೆಚ್ಚು ದೂರ ಓಡಿಸಬಾರದೆಂದು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಂಡು.

ಆಡಳಿತ ಸಭೆ ಮತ್ತೆ ಸೇರಿತು. ಅಧ್ಯಕ್ಷೆ ಎಂದಿನಂತೆ ಯಾರಾದರೂ ಏನಾದರೂ ಹೇಳುವುದಿದೆಯೇ ಎಂದು ಕೇಳಿ, ಎಂದಿನಂತೆ ಸುತ್ತಿಗೆ ಎತ್ತಿದ್ದರು. ರಾಕೆಲ್ ಅವರು ಎದ್ದು ನಿಂತರು. "ಹೋದ ಸಲ ನಾನು ಸುಮ್ಮನಿದ್ದೆ. ನೀವು ಅದನ್ನ ಒಪ್ಪಿಗೆ ಅಂದ್ಕೊಂಡ್ರಿ, ತಪ್ಪು ನಿಮ್ಮದಲ್ಲ. ಈ ಸಲ ಬಾಯಿಬಿಟ್ಟು ಹೇಳ್ತಿದೀನಿ: ಬೇಡ." ಹೌಕಿವಾರದ ಸಭೆಯಲ್ಲಿ ಅದಕ್ಕಿಂತ ದೀರ್ಘವಾದ ಭಾಷಣ ಆದ ನೆನಪು ಯಾರಿಗೂ ಇಲ್ಲ. ಎರಡು ಅಂಕಗಳನ್ನೂ, ಒಂದನ್ನು ಅಳಿಸದೆ, ಅಕ್ಕಪಕ್ಕದಲ್ಲಿ ಅಚ್ಚು ಹಾಕಿಸಬೇಕೆಂದು ಅವರು ಪಟ್ಟು ಹಿಡಿದರು. ಹಾಗೆಯೇ ಆಯಿತು.

ಓಯ್ವಾ ಅವರು ನುಡಿದಿದ್ದಂತೆ ಹೆಸರಿಗೆ ಪೆಟ್ಟು ಬಿದ್ದದ್ದೂ ನಿಜ. ಅಂಕ ಕೊಡುವವಳಿಗೇ ತನ್ನ ಅಂಕದ ಮೇಲೆ ನಂಬಿಕೆಯಿಲ್ಲವೆಂದು ದಕ್ಷಿಣದ ಪತ್ರಿಕೆಯೊಂದು ಆಡಿಕೊಂಡಿತು. ಮುಂದಿನ ಚಳಿಗಾಲದಲ್ಲಿ ಕೆಲವು ಕಂಪನಿಗಳು ಬೇರೆ ಮೈದಾನ ಹುಡುಕಿಕೊಂಡವು. ನಮ್ಮ ಗುಡಿಸಲಿನ ಕಾಫಿ ಮೇಜಿನಲ್ಲಿ ಕುರ್ಚಿಗಳು ಖಾಲಿ ಬಿದ್ದವು. ಅದೆಲ್ಲವನ್ನೂ ರಾಕೆಲ್ ಅವರು ಹೊಟ್ಟೆಗೆ ಹಾಕಿಕೊಂಡರು. ನಮಗೆಲ್ಲ ಬಹಳ ಬೇಸರವಾಗಿತ್ತು. ಈಗ ಹೇಳಿಬಿಡುವುದೇ ಮೇಲು, ಸಿಟ್ಟೂ ಬಂದಿತ್ತು. ಕಂಪನಿಗಳು ಒಂದೊಂದಾಗಿ ಹಿಂದಿರುಗಿದವು. ತನ್ನ ಅಂಕವನ್ನೇ ತಡೆದು ನಿಲ್ಲಿಸಿದ ಮೈದಾನದ ಅಂಕವನ್ನು ಕೊಳ್ಳುವವರು ನಂಬುತ್ತಾರೆಂಬುದು ಅವರಿಗೆ ಅರ್ಥವಾಗಿತ್ತು.

ಪಿನ್ಯಾಳಿಗೆ ಕೊಟ್ಟ ಮಾತನ್ನು ತೌನೋ ಅವರು ಬೇರೆ ದಾರಿಯಲ್ಲಿ ಉಳಿಸಿಕೊಂಡರು. ಮೊಳೆ ಟೈರುಗಳನ್ನೇ ಇಟ್ಟುಕೊಂಡು, ವ್ಯಾನಿನ ಚಕ್ರದ ಗೂಡುಗಳಿಗೂ ನೆಲಕ್ಕೂ ದಪ್ಪ ಉಣ್ಣೆಯ ಹಾಸು ಬಡಿದು, ಆಕೆಯನ್ನು ಚಕ್ರಗಳಿಂದ ದೂರದ ನಡುಸೀಟಿಗೆ ಕೂರಿಸಿದರು. ಸದ್ದು ಪೂರ್ತಿ ಹೋಗಲಿಲ್ಲ, ಆದರೆ ಯಂತ್ರ ಜೇಬಿನಿಂದ ಕಿವಿಗೆ ಬಂತು. ಈ ಗ್ರಂಥಕ್ಕೆ ಪತ್ನಿಯ ಬಗ್ಗೆ ನಾಲ್ಕು ಮಾತು ಹೇಳಿರೆಂದು ಕೇಳಲು ಹೋದಾಗ ತೌನೋ ಅವರು ಮೂರು ಲೋಟ ಕಾಫಿ ಕುಡಿದು ಮುಗಿಸಿ, ಕೊನೆಗೆ "ಅವಳ ಜಾಗದಲ್ಲಿ ನಾನಿದ್ದಿದ್ರೆ ಬಾಯಿ ಮುಚ್ಕೊಂಡಿರ್ತಿದ್ದೆ" ಎಂದರು. ನಮ್ಮ ಸೀಮೆಯ ಗಂಡಸೊಬ್ಬ ಹೆಂಡತಿಯನ್ನು ಇದಕ್ಕಿಂತ ಹೆಚ್ಚು ಹೊಗಳಿದ್ದನ್ನು ನಾವು ಕಂಡಿಲ್ಲ.

ಆ ವರ್ಷದಿಂದ ಮೈದಾನದಲ್ಲಿ ಇನ್ನೊಂದು ಕಟ್ಟಳೆ ಸೇರಿತು: ಯಾವ ಟೈರೂ ಮೊದಲು ಶಾಲೆಯ ದಾರಿಯುದ್ದಕ್ಕೂ ಓಡಿ ಬಾರದೆ ಅಂಕಕ್ಕೆ ನಿಲ್ಲುವಂತಿಲ್ಲ. ಕಾಲಕ್ರಮದಲ್ಲಿ ಅದು ಚಾಲಕರ ಬಾಯಲ್ಲಿ ಒಂದು ವಾಡಿಕೆಯ ಪ್ರಶ್ನೆಯಾಗಿ ಉಳಿಯಿತು. ಈ ಚಳಿಗಾಲದಲ್ಲಿ, ರಾಕೆಲ್ ಅವರ ಸೇವೆಯ ಕೊನೆಯ ವಾರ, ಹೊಸದಾಗಿ ಸೇರಿದ ಚಾಲಕಿಯೊಬ್ಬಳು ಪರದೆ ಎಳೆದ ಗುಡಿಸಲಿನಿಂದ ಎದ್ದು ಹೊರಡುವಾಗ, ಬಾಗಿಲಲ್ಲಿ ನಿಂತು, ಟೈರು ಹಾಕುವವರನ್ನು ಕೂಗಿ ಕೇಳಿದಳು: "ಶಾಲೆಗೆ ಹೋಗಿ ಬಂತಾ?" ಯಾವ ಶಾಲೆ, ಯಾರ ಮಕ್ಕಳು ಎಂದು ಆಕೆಗೆ ಗೊತ್ತಿರಲಿಲ್ಲ. ಒಳಗೆ ಕೂತಿದ್ದ ರಾಕೆಲ್ ಅವರು ತಲೆ ತಗ್ಗಿಸಿದರು. ಹೊಗಳಿಕೆಯಿಂದ ತಪ್ಪಿಸಿಕೊಳ್ಳಲು ಸೋಸಬೇಕಾದ ಕಾಫಿ ಅಂದು ಮುಗಿದುಹೋಗಿತ್ತು.

ನಿವೃತ್ತಿಯಾದ ಮೇಲೂ ಅವರು ಹೊಸ ಚಾಲಕರಿಗೆ ಜಾರುನೆಲದ ಮೇಲೆ ಓಡಿಸುವುದನ್ನು ಕಲಿಸಲು ಒಪ್ಪಿದ್ದಾರೆ. ಅಕ್ಟೋಬರಿನಲ್ಲಿ ಅಂಗಡಿಯ ಕಾಫಿ ಮೂಲೆಯೂ ಅವರಿಗಾಗಿ ಕಾದಿರುತ್ತದೆ. ದೇವರು ಅವರಿಗೂ ತೌನೋ ಅವರಿಗೂ ದೀರ್ಘಾಯುಷ್ಯವನ್ನೂ, ಗಟ್ಟಿ ಮೂಳೆಗಳನ್ನೂ, ಇನ್ನೂ ಅನೇಕ ಬಿಳಿ ಚಳಿಗಾಲಗಳನ್ನೂ ಕರುಣಿಸಲಿ. ನಾವು ಯಾರಿಗೆ ಯಾವ ಅಂಕ ಕೊಟ್ಟರೂ, ಅದನ್ನು ಕೊಡುವ ಮುನ್ನ ಒಮ್ಮೆ ಮಕ್ಕಳು ನಿಲ್ಲುವ ಜಾಗದವರೆಗೆ ಓಡಿಸಿ ನೋಡುವ ಅವರ ಎದೆಗಾರಿಕೆ ನಮ್ಮಲ್ಲಿ ಒಬ್ಬಿಬ್ಬರಿಗಾದರೂ ಬರಲಿ.